ಹಾರ್ವರ್ಡ್‌ಗೆ ಕಟ್‌ಆಫ್ ಎಷ್ಟು?

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ಮಗಳ ಸಂಸಾರ ಕ್ಯಾಲಿಫೋರ್ನಿಯಾದಲ್ಲಿದೆ. ಮೊಮ್ಮಗ ಈಗ ಹನ್ನೊಂದನೇ ತರಗತಿ. ಎಲ್ಲ ವಿಷಯದಲ್ಲೂ ‘ಎ’, ಸ್ಯಾಟ್ ಪರೀಕ್ಷೆಯಲ್ಲಿ 1600ಕ್ಕೆ 1550, ಜೊತೆಗೆ ಮೃದಂಗ ನುಡಿಸುತ್ತಾನೆ. ಹಾರ್ವರ್ಡೋ ಸ್ಟ್ಯಾನ್‌ಫರ್ಡೋ ಸಿಕ್ಕೀತೇ ಎಂದರೆ ಮಗಳು ‘ಏನೂ ಹೇಳೋಕಾಗಲ್ಲಪ್ಪ’ ಅನ್ನುತ್ತಾಳೆ. ಇಲ್ಲಿ ಯಾರಾದರೂ ಸಿಇಟಿ ರ‍್ಯಾಂಕ್ ಹೇಳಿದರೆ ಯಾವ ಕಾಲೇಜು ಸಿಗುತ್ತದೆಂದು ಕೂತಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಮಾತ್ರ ಯಾಕೆ ಆಗುವುದಿಲ್ಲ? ಇಪ್ಪತ್ತು ಕಾಲೇಜಿಗೆ ಅರ್ಜಿ ಹಾಕಿದರೆ ಲೆಕ್ಕದ ಪ್ರಕಾರ ಒಂದಾದರೂ ಸಿಗಬೇಕಲ್ಲವೇ?
— ಓದುಗರೊಬ್ಬರು, ಸಾಗರ

ಉತ್ತರ: ಮೇಷ್ಟ್ರೇ, ನಿಮ್ಮ ಮಗಳು ಜಾರಿಕೊಳ್ಳುತ್ತಿಲ್ಲ. ಆಕೆ ಹೇಳಿದ್ದು ನಿಜ.

ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಹೇಗೆ ಬರುತ್ತದೆಂದು ನಿಮಗೆ ಗೊತ್ತು: ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆಮೇಲೆ ಆಪ್ಷನ್ ಎಂಟ್ರಿ. ಹೋದ ವರ್ಷದ ಕಟ್‌ಆಫ್ ಪಟ್ಟಿ ಕೈಯಲ್ಲಿದ್ದರೆ ಹೆಚ್ಚುಕಮ್ಮಿ ಭವಿಷ್ಯ ಹೇಳಬಹುದು. ಮಗು ಒಳ್ಳೆಯವನೋ, ತುಂಟನೋ, ಅವನಪ್ಪ ಎಲ್ಲಿ ಓದಿದ, ಇದ್ಯಾವುದನ್ನೂ ಇಲ್ಲಿ ಯಾರೂ ಕೇಳುವುದಿಲ್ಲ. ಹಾರ್ವರ್ಡ್‌ನಂಥ ಕಡೆ ಇವೆಲ್ಲವನ್ನೂ ಕೇಳುತ್ತಾರೆ. ಅಲ್ಲಿ ರ‍್ಯಾಂಕ್ ಪಟ್ಟಿ ಎಂಬುದೇ ಇಲ್ಲ, ಹಾಗಾಗಿ ಕಟ್‌ಆಫ್ ಕೂಡ ಇಲ್ಲ.

ರ‍್ಯಾಂಕ್ ಪಟ್ಟಿ ಮಾಡಹೊರಟರೂ ಏನಾಗುತ್ತದೆಂದು ನೋಡಿ. ಹಾರ್ವರ್ಡ್ ಮೇಲೆ 2014ರಲ್ಲಿ ಒಂದು ಮೊಕದ್ದಮೆ ಹೂಡಲಾಯಿತು. ಏಷ್ಯಾ ಮೂಲದ ಮಕ್ಕಳಿಗೆ ಪ್ರವೇಶದಲ್ಲಿ ಅನ್ಯಾಯವಾಗುತ್ತಿದೆ ಎಂಬುದು ಫಿರ್ಯಾದು. ವಿಚಾರಣೆ ನಡೆದಾಗ ಎಂದೂ ಹೊರಗೆ ಬಾರದಿದ್ದ ಅಂಕಿಅಂಶಗಳು ಹೊರಬಿದ್ದವು. 2015ರಲ್ಲಿ ಸೇರಬೇಕಿದ್ದ ತಂಡಕ್ಕೆ ಇದ್ದ ಸೀಟು ಸುಮಾರು 1,600, ಅಮೆರಿಕದೊಳಗಿನ ಅರ್ಜಿಗಳೇ ಸುಮಾರು 26,000. ಆ ಪೈಕಿ ಸ್ಯಾಟ್ ಗಣಿತದಲ್ಲಿ ಒಂದಂಕವೂ ಕಳೆದುಕೊಳ್ಳದವರು 3,400 ಮಂದಿ. ಭಾಷಾ ಭಾಗದಲ್ಲಿ ಹಾಗೆ ಪೂರ್ತಿ ಅಂಕ ಪಡೆದವರು 2,700. ಶಾಲೆಯ ಅಂಕಪಟ್ಟಿ ಕಲೆಯಿಲ್ಲದೆ ಇದ್ದವರು 8,000ಕ್ಕೂ ಹೆಚ್ಚು. ಗಣಿತದ ನೂರಕ್ಕೆ ನೂರು ಒಂದನ್ನೇ ಹಿಡಿದು ಸೀಟು ಹಂಚಿದರೂ ಅರ್ಧಕ್ಕಿಂತ ಹೆಚ್ಚು ಮಂದಿ ಬಾಗಿಲ ಹೊರಗೇ ಉಳಿಯುತ್ತಾರೆ. ನಿಮ್ಮ ಮೊಮ್ಮಗನ 1550 ಬಹಳ ಒಳ್ಳೆಯ ಅಂಕ. ಅದು ಅವನ ಅರ್ಜಿಯನ್ನು ಮೇಜಿನ ಮೇಲೆ ಇಡಿಸುತ್ತದೆ. ಅಲ್ಲಿಂದಾಚೆಗೆ ಅದರ ಕೆಲಸ ಮುಗಿಯಿತು.

ಮೇಜಿನ ಮೇಲೆ ಏನು ನಡೆಯುತ್ತದೆಂಬುದೂ ಆ ಮೊಕದ್ದಮೆಯಿಂದಲೇ ಗೊತ್ತಾದದ್ದು. ಓದು, ಓದಿನಾಚೆಯ ಚಟುವಟಿಕೆ, ಆಟ, ವ್ಯಕ್ತಿತ್ವ, ಹೀಗೆ ಒಂದೊಂದಕ್ಕೂ ದರ್ಜೆ ಕೊಡುತ್ತಾರೆ. ನಲವತ್ತರಷ್ಟು ಮಂದಿಯ ಸಮಿತಿ ಕೂತು ಚರ್ಚಿಸಿ ಬಹುಮತದಿಂದ ತೀರ್ಮಾನಿಸುತ್ತದೆ. ಈ ವ್ಯಕ್ತಿತ್ವದ ದರ್ಜೆಯಲ್ಲಿ ಏಷ್ಯಾ ಮೂಲದ ಮಕ್ಕಳಿಗೆ ಸರಾಸರಿ ಕಡಿಮೆ ಸಿಕ್ಕಿತ್ತು. ಉದ್ದೇಶಪೂರ್ವಕ ತಾರತಮ್ಯ ಇಲ್ಲ ಎಂದು 2019ರಲ್ಲಿ ಕೆಳಗಿನ ನ್ಯಾಯಾಲಯ ಹೇಳಿತು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ತಳ್ಳಿಹಾಕಿತು. ಆದರೆ ‘ವ್ಯಕ್ತಿತ್ವ’ ಎಂಬ ಅಳತೆಗೋಲು ಉಳಿದುಕೊಂಡಿತು.

ಅದು ಎಲ್ಲಿಂದ ಬಂತೆಂಬ ಕಥೆ ನಿಮಗೆ ಹಿಡಿಸೀತು. ಒಂದು ಕಾಲಕ್ಕೆ ಹಾರ್ವರ್ಡ್‌ನಲ್ಲೂ ನಮ್ಮ ಹಾಗೇ ಪ್ರವೇಶ ಪರೀಕ್ಷೆ ಇತ್ತು, ಪಾಸಾದವರಿಗೆ ಸೀಟು. ಆ ಪರೀಕ್ಷೆಯನ್ನು ಸಲೀಸಾಗಿ ಪಾಸು ಮಾಡಿಕೊಂಡು ಯಹೂದಿ ವಲಸಿಗರ ಮಕ್ಕಳು ಬರತೊಡಗಿದರು. ವಿದ್ಯಾರ್ಥಿಗಳಲ್ಲಿ ಐದರಲ್ಲೊಬ್ಬರು ಅವರೇ ಆದಾಗ ವಿಶ್ವವಿದ್ಯಾಲಯದ ಅಧ್ಯಕ್ಷ ಲಾವೆಲ್‌ಗೆ ಕಸಿವಿಸಿ ಶುರುವಾಯಿತು. 1922ರಲ್ಲಿ ಆತ ಅವರ ಸಂಖ್ಯೆಗೆ ಮಿತಿ ಹಾಕಲು ನೋಡಿದ, ಅಧ್ಯಾಪಕರು ಒಪ್ಪಲಿಲ್ಲ. 1926ರ ಹೊತ್ತಿಗೆ ‘ಶೀಲ, ವ್ಯಕ್ತಿತ್ವ’ ಎಂಬ ಮಾನದಂಡಗಳು ಒಳಬಂದವು. ಮಿತಿ ಎಂಬ ಮಾತೆತ್ತದೆಯೇ ಮಿತಿಯ ಕೆಲಸ ಆಯಿತು. ಇವತ್ತಿನ ಸಮಿತಿಯವರ ಮನಸ್ಸಿನಲ್ಲಿ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಅಂಕದಾಚೆಗೆ ಮಗುವನ್ನು ನೋಡುವುದರಲ್ಲಿ ನ್ಯಾಯವೂ ಇದೆ. ಬಡ ಊರಿನ ಸಾಧಾರಣ ಶಾಲೆಯಿಂದ ಬಂದವನ 1450 ನಿಮ್ಮ ಮೊಮ್ಮಗನ 1550ಕ್ಕಿಂತ ದೊಡ್ಡದಿರಬಹುದು. ಆದರೆ ಅಳತೆಗೋಲು ಹಿಡಿದ ಕೈ ಯಾರದು ಎಂಬುದು ಲೆಕ್ಕಕ್ಕೆ ಸಿಗದ ಸಂಗತಿ.

ಇನ್ನು ಶೇಕಡಾವಾರು. 2024ರಲ್ಲಿ ಸೇರಿದ ತಂಡಕ್ಕೆ ಹಾರ್ವರ್ಡ್‌ಗೆ ಬಂದ ಅರ್ಜಿ 54,008, ಸೀಟು ಸಿಕ್ಕಿದ್ದು 1,937 ಮಂದಿಗೆ. ಶೇ 3.6. ಇದು ಕಾಲೇಜಿನ ಸರಾಸರಿ, ನಿಮ್ಮ ಹುಡುಗನ ಅವಕಾಶ ಅಲ್ಲ. ಮೊಕದ್ದಮೆಯ ಕಾಗದಪತ್ರಗಳ ಪ್ರಕಾರ ಕಾಲೇಜೇ ಆರಿಸಿಟ್ಟ ಆಟಗಾರರು, ಹಳೆ ವಿದ್ಯಾರ್ಥಿಗಳ ಮಕ್ಕಳು, ದಾನಿಗಳ ಕಡೆಯವರು, ಸಿಬ್ಬಂದಿಯ ಮಕ್ಕಳು ಎಲ್ಲ ಸೇರಿದರೂ ಅರ್ಜಿದಾರರಲ್ಲಿ ನೂರಕ್ಕೆ ಐದೂ ಇಲ್ಲ. ಸೀಟು ಪಡೆದವರಲ್ಲಿ ಮಾತ್ರ ನೂರಕ್ಕೆ ಮೂವತ್ತರ ಹತ್ತಿರ. ನಿಮ್ಮ ಮಗಳು ಅಳಿಯ ಓದಿದ್ದು ಕರ್ನಾಟಕದಲ್ಲಾದರೆ ಆ ಸಾಲಿನಲ್ಲಿ ಮೊಮ್ಮಗನಿಗೆ ಜಾಗವಿಲ್ಲ. ದುಡ್ಡಿನ ಮಾತೂ ಇದೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರಲ್ಲಿ ತೋರಿಸಿದಂತೆ, ಸ್ಯಾಟ್ ಅಂಕ ಒಂದೇ ಆಗಿದ್ದರೂ ಅತಿ ಸಿರಿವಂತ ಶೇಕಡಾ ಒಂದರ ಮನೆಯ ಮಕ್ಕಳು ಈ ಬಗೆಯ ಕಾಲೇಜು ಸೇರುವ ಸಾಧ್ಯತೆ ಮಧ್ಯಮವರ್ಗದ ಮಕ್ಕಳಿಗಿಂತ ಎರಡು ಪಟ್ಟು ಮೀರುತ್ತದೆ.

ಇಪ್ಪತ್ತು ಕಾಲೇಜಿನ ಲೆಕ್ಕಕ್ಕೆ ಬರೋಣ. ಒಂದೊಂದರಲ್ಲೂ ಶೇ 5ರ ಅವಕಾಶ ಎಂದಿಟ್ಟುಕೊಂಡರೆ 0.95ರ ಇಪ್ಪತ್ತನೇ ಘಾತವನ್ನು 1ರಿಂದ ಕಳೆದು ನೀವು 0.64 ತಂದಿರುತ್ತೀರಿ. ಮೂರರಲ್ಲಿ ಎರಡು ಪಾಲು ಗೆಲುವು! ಆದರೆ ಆ ಸೂತ್ರ ನಡೆಯುವುದು ಸ್ವತಂತ್ರ ಘಟನೆಗಳಿಗೆ. ಇದನ್ನು ನೀವೇ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೀರೋ. ಇಲ್ಲಿ ಅಂಕಪಟ್ಟಿ ಅದೇ, ಮೇಷ್ಟ್ರ ಶಿಫಾರಸು ಪತ್ರ ಅದೇ, 650 ಪದದ ಪ್ರಬಂಧವೂ ಹೆಚ್ಚಿನ ಕಡೆಗೆ ಅದೇ. ಒಂದೇ ಜಾತಕವನ್ನು ಇಪ್ಪತ್ತು ಮನೆಗೆ ಕಳಿಸಿದ ಹಾಗೆ. ಒಬ್ಬರ ಕಣ್ಣಿಗೆ ಬಿದ್ದ ದೋಷ ಇನ್ನೊಬ್ಬರ ಕಣ್ಣಿಗೂ ಬೀಳುತ್ತದೆ. ಒಬ್ಬನೇ ಹುಡುಗನಿಗೆ ನಾಲ್ಕು ಕಡೆ ಸಿಗುವುದು, ಅವನಷ್ಟೇ ಜಾಣನಾದ ಪಕ್ಕದವನಿಗೆ ಒಂದೂ ಸಿಗದಿರುವುದು ಅದಕ್ಕೇ.

ಮೃದಂಗದ ಬಗ್ಗೆ ಒಂದು ಮಾತು. ಹುಡುಗ ಪ್ರೀತಿಯಿಂದ ನುಡಿಸುತ್ತಿದ್ದರೆ ಖಂಡಿತ ಬಿಡಿಸಬೇಡಿ. ಆದರೆ ಅವನಿರುವ ಕಡೆ ಮೃದಂಗ, ಭರತನಾಟ್ಯದ ರಂಗಪ್ರವೇಶ, ರೋಬೊಟಿಕ್ಸ್ ಇಲ್ಲದ ನಮ್ಮವರ ಮಕ್ಕಳು ಅಪರೂಪ. ಹೆಚ್ಚಿನ ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಇಂಥ ಚಟುವಟಿಕೆಗೆ ಹತ್ತು ಸಾಲು, ಒಂದೊಂದನ್ನು ವಿವರಿಸಲು 150 ಅಕ್ಷರ. ವರ್ಷಗಟ್ಟಲೆಯ ಗುರುಮುಖೇನ ಪಾಠವೂ ಅಷ್ಟರಲ್ಲೇ ಮುಗಿಯಬೇಕು. ಅರ್ಜಿಗೋಸ್ಕರ ವಾದ್ಯ ಕಲಿಸುವವರನ್ನು ಕಂಡರೆ ನನಗೆ ವಾದ್ಯದ ಮೇಲೆ ಮರುಕ ಹುಟ್ಟುತ್ತದೆ.

ಹಾಗಾದರೆ ಏನನ್ನೂ ಹೇಳಲಾಗದೇ? ಹೇಳಬಹುದಾದದ್ದೂ ಇದೆ, ಅದು ಬೇರೆ ಕಾಲೇಜುಗಳ ವಿಚಾರದಲ್ಲಿ. ಅಲ್ಲಿನ ಹಲವು ಹೈಸ್ಕೂಲುಗಳು ನಾವಿಯನ್ಸ್‌ನಂಥ ತಂತ್ರಾಂಶ ಇಟ್ಟುಕೊಂಡಿರುತ್ತವೆ. ಅದೇ ಶಾಲೆಯಿಂದ ಹಿಂದೆ ಅರ್ಜಿ ಹಾಕಿದವರನ್ನು ಅದು ನಕ್ಷೆಯ ಮೇಲೆ ಚುಕ್ಕಿಗಳಾಗಿ ತೋರಿಸುತ್ತದೆ: ಒಂದು ಅಕ್ಷದಲ್ಲಿ ಶಾಲೆಯ ಅಂಕ, ಇನ್ನೊಂದರಲ್ಲಿ ಸ್ಯಾಟ್, ಸಿಕ್ಕವರಿಗೆ ಒಂದು ಬಣ್ಣ, ಸಿಗದವರಿಗೆ ಇನ್ನೊಂದು. ಕಟ್‌ಆಫ್ ಪಟ್ಟಿಗೆ ತೀರಾ ಹತ್ತಿರದ ವಸ್ತು ಇದೇ. ಮೊಮ್ಮಗ ತೆರೆದು ತೋರಿಸಿದರೆ ನೋಡಿ. ಸಾಧಾರಣ ವಿಶ್ವವಿದ್ಯಾಲಯದ ನಕ್ಷೆಯಲ್ಲಿ ಒಂದು ಗೆರೆ ಎಳೆಯಬಹುದು, ಮೇಲಿನವರಿಗೆಲ್ಲ ಸೀಟು. ಅತಿ ಬಿಗಿ ಪ್ರವೇಶದ ಕಾಲೇಜಿನ ನಕ್ಷೆಯಲ್ಲಿ ಬಲಗಡೆ ಮೇಲಿನ ಮೂಲೆಯಲ್ಲೇ ಎರಡೂ ಬಣ್ಣ ಕಲಸಿಹೋಗಿರುತ್ತದೆ. ಗೆರೆ ಎಳೆಯಲು ನಿಮ್ಮ ಕೈಲೂ ಆಗದು.

ಅವನು ಕ್ಯಾಲಿಫೋರ್ನಿಯಾದವನಾದ್ದರಿಂದ ಇನ್ನೊಂದು ಅನುಕೂಲವಿದೆ. ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಪದವಿ ಕಲಿಸುವ ಒಂಬತ್ತು ಕ್ಯಾಂಪಸ್; ಒಂದೇ ಅರ್ಜಿ. ಪ್ರವೇಶಕ್ಕೆ ಸ್ಯಾಟ್ ಅಂಕವನ್ನು ಅವರು ನೋಡುವುದೇ ಇಲ್ಲ, 1550 ಅಲ್ಲಿ ಬಿಡಿಗಾಸು ಬಾಳುವುದಿಲ್ಲ. ಲಾಸ್ ಏಂಜಲೀಸ್, ಬರ್ಕ್ಲಿ ಕ್ಯಾಂಪಸ್‌ಗಳಲ್ಲಿ ಹತ್ತಕ್ಕೆ ಒಬ್ಬರ ಆಸುಪಾಸು. ಕಂಪ್ಯೂಟರ್ ಸೈನ್ಸೇ ಬೇಕೆಂದರೆ ಇನ್ನೂ ಬಿಗಿ. ರಿವರ್‌ಸೈಡ್, ಮರ್ಸೆಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಗುತ್ತದೆ. ಶಾಲೆಯ ಅಂಕದಲ್ಲಿ ರಾಜ್ಯದ ಮೊದಲ ನೂರಕ್ಕೆ ಒಂಬತ್ತರಲ್ಲಿದ್ದರೆ, ಕೇಳಿದ ಕ್ಯಾಂಪಸ್ ಸಿಗದಿದ್ದರೂ ಜಾಗವಿರುವ ಯಾವುದಾದರೂ ಒಂದರಲ್ಲಿ ಸೀಟು ಕೊಡುವ ಭರವಸೆಯೂ ಇದೆ. ನಿಮ್ಮ ಸಿಇಟಿ ಬುದ್ಧಿ ಕೆಲಸಕ್ಕೆ ಬರುವುದು ಇಲ್ಲಿ. ಮನೆಯವರ ತಲೆಬಿಸಿಯೆಲ್ಲ ಪಟ್ಟಿಯ ತುದಿಯ ಮೂರು ಹೆಸರಿಗೆ ಹೋಗಿ, ನಡುವಿನ ಆರು ಕಾಲೇಜುಗಳ ಹೆಸರನ್ನು ಕಡೆಯ ವಾರ ಗೂಗಲ್ ಮಾಡಿ ತುಂಬಿಸುವುದನ್ನು ನೋಡಿದ್ದೇನೆ. ಹುಡುಗ ನಾಲ್ಕು ವರ್ಷ ಕಳೆಯುವುದು ಬಹುತೇಕ ಆ ಆರರಲ್ಲೊಂದರಲ್ಲಿ.

ಹೆಸರಾಂತ ಕಾಲೇಜು ತಪ್ಪಿದರೆ ಬದುಕೇ ತಪ್ಪಿತೆನ್ನುವವರಿಗೆ ಸ್ಟೇಸಿ ಡೇಲ್, ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತೋರಿಸಬಹುದು. ಬಿಗಿ ಪ್ರವೇಶದ ಕಾಲೇಜಿಗೆ ಆಯ್ಕೆಯಾಗುವಂಥವರೇ ಆಗಿದ್ದು ಬೇರೆ ಕಡೆ ಓದಿದವರ ಸಂಪಾದನೆ ಮುಂದೆ ಸರಾಸರಿಯಲ್ಲಿ ಹಿಂದೆ ಬಿದ್ದಿರಲಿಲ್ಲ. ಬಡ ಮನೆಯ ಮಕ್ಕಳಿಗೆ ಮಾತ್ರ ಆ ಕಾಲೇಜಿನಿಂದ ನಿಜವಾದ ಲಾಭವಾಗಿತ್ತು.

ಅವನ ಅರ್ಜಿಗಳು ಮುಂದಿನ ನವೆಂಬರ್‌ನಿಂದ ಜನವರಿ ಮೊದಲ ವಾರದೊಳಗೆ ಹೋಗುತ್ತವೆ. ದೊಡ್ಡ ಹೆಸರಿನ ಕಾಲೇಜುಗಳ ಉತ್ತರ ಬರುವುದು ಮಾರ್ಚ್ ಕೊನೆಗೆ, ಅವನು ಒಂದನ್ನು ಆರಿಸಿ ತಿಳಿಸಬೇಕಾದ್ದು ಮೇ 1ರೊಳಗೆ. ಆ ಮಾರ್ಚ್‌ನಲ್ಲಿ ಫೋನ್ ಮಾಡಿದಾಗ ಫಲಿತಾಂಶದ ಸುದ್ದಿ ಮೊದಲು ಅವನೇ ಎತ್ತಲಿ. ಅಲ್ಲಿಯವರೆಗೆ ಮಾತಾಡಲು ಹಲಸಿನ ಫಸಲು ಇದ್ದೇ ಇದೆ.