ಎಳ್ಳುಬೆಲ್ಲ: ಒಂದು ದ್ವಂದ್ವ ಸಮಾಸ

ಮಕರ ಸಂಕ್ರಾಂತಿಯ ಸಂಜೆ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣುಗಳನ್ನಿಟ್ಟುಕೊಂಡು ಮನೆಮನೆಗೆ ಹೋಗುವುದು ಸರ್ವವಿದಿತವಾದ ಸಂಗತಿ. ಇದನ್ನು ಯಾರೂ ಎಳ್ಳು 'ಕೊಡುವುದು' ಎನ್ನುವುದಿಲ್ಲ. ಎಳ್ಳು 'ಬೀರುವುದು' ಎನ್ನುತ್ತಾರೆ. ಕೊಡುವಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಬೀರುವುದೆಂದರೆ ಹರಡುವುದು, ಪಸರಿಸುವುದು. ಹೂವು ಕಂಪನ್ನು ಬೀರುತ್ತದೆ. ಅಲ್ಲಿ ಮೇಲು ಕೆಳಗೆಂಬ ಮಾತಿಲ್ಲ. ಅಲ್ಪವ್ಯಯದಲ್ಲಿ ಮನೆಯಲ್ಲಿಯೇ ಸಿದ್ಧವಾಗುವ ಈ ಉಡುಗೊರೆಯ ಅರ್ಥವನ್ನೂ ಅದನ್ನು ಸಿದ್ಧಪಡಿಸುವ ಕ್ರಮವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಉಪಾಧ್ಯಾಯ ವೃತ್ತಿಗೆ ಹೊಸಬನಾಗಿದ್ದಾಗ, ಬೇರೊಂದು ಊರಿನ ಶಾಲೆಯಲ್ಲಿ, ಹಬ್ಬದ ಮರುದಿನ ಮಕ್ಕಳು ಎಳ್ಳು ತಂದಿದ್ದರು. ಒಬ್ಬ ವಿದ್ಯಾರ್ಥಿನಿ ಹೊಳೆಯುವ ಸ್ಟೀಲ್ ಡಬ್ಬಿಯಲ್ಲಿ, ಬಣ್ಣದ ಸಕ್ಕರೆ ಅಚ್ಚುಗಳೊಡನೆ ತಂದಿದ್ದಳು. ನಾನು ಡಬ್ಬಿಯನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿ ಹೊಗಳಿದೆ. ಗಂಟೆ ಬಾರಿಸಿ ಮಕ್ಕಳೆಲ್ಲ ಹೊರಟ ಮೇಲೆ ಇನ್ನೊಬ್ಬ ಹುಡುಗಿ ಬಾಗಿಲಲ್ಲಿಯೇ ನಿಂತಿದ್ದಳು. ಚೀಲದೊಳಗಿಂದ ಬಾಳೆಯೆಲೆಯ ಒಂದು ಸಣ್ಣ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಇದರಲ್ಲಿ ಎಳ್ಳು ಬೆಲ್ಲ ಎರಡೇ ಇರೋದು" ಎಂದಳು. ಆ ವರ್ಷ ಆ ಮನೆಗೆ ಕಬ್ಬಿನ ಹಣ ಇನ್ನೂ ಕೈಸೇರಿರಲಿಲ್ಲವೆಂದು ಆಮೇಲೆ ತಿಳಿಯಿತು. ಆಗ ನನಗೆ ಉತ್ತರ ತೋಚಲಿಲ್ಲ.

ರಾತ್ರಿಯೆಲ್ಲ ಯೋಚಿಸಿ ಮರುದಿನ ವ್ಯಾಕರಣ ಪಾಠವನ್ನೇ ಉತ್ತರವಾಗಿ ಮಾಡಿಕೊಂಡೆ. ಕರಿಹಲಗೆಯ ಮೇಲೆ 'ಎಳ್ಳುಬೆಲ್ಲ' ಎಂದು ಬರೆದು ವಿಗ್ರಹವಾಕ್ಯ ಕೇಳಿದೆ. "ಎಳ್ಳೂ ಬೆಲ್ಲವೂ" ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. "ಇಲ್ಲಿ ಕೊಬ್ಬರಿಯ ಹೆಸರಿದೆಯೇ? ಸಕ್ಕರೆ ಅಚ್ಚಿನ ಹೆಸರಿದೆಯೇ? ಡಬ್ಬಿಯ ಹೆಸರಿದೆಯೇ?" ಇಲ್ಲ. ಹೆಸರಿನಲ್ಲಿರುವುದು ಎರಡೇ ಪದಾರ್ಥ. ಉಳಿದುದೆಲ್ಲ ಅನುಕೂಲವಿದ್ದವರು ಸೇರಿಸಿಕೊಳ್ಳುವ ವಿಶೇಷಣ. ದ್ವಂದ್ವ ಸಮಾಸದಲ್ಲಿ ಎಲ್ಲ ಪದಗಳ ಅರ್ಥವೂ ಪ್ರಧಾನವೇ. ಒಂದು ಇನ್ನೊಂದಕ್ಕೆ ಅಧೀನವಲ್ಲ. ಬೀರುವ ಮನೆ, ಪಡೆಯುವ ಮನೆಗಳ ಸಂಬಂಧವೂ ಹಾಗೆಯೇ. ಕೊಂಡು ಹೋದ ಪೊಟ್ಟಣಕ್ಕೆ ಪ್ರತಿಯಾಗಿ ಅದೇ ಬಗೆಯ ಪೊಟ್ಟಣ ಬರುತ್ತದೆ. ಲೆಕ್ಕದಲ್ಲಿ ಯಾರಿಗೂ ಲಾಭವಿಲ್ಲ; ಆದರೆ ಬೀದಿಯ ಪ್ರತಿ ಹೊಸ್ತಿಲನ್ನೂ ವರ್ಷಕ್ಕೊಮ್ಮೆ ತುಳಿದಂತಾಗುತ್ತದೆ. ಆ ಹುಡುಗಿ ತಲೆಯೆತ್ತಿ ಹಲಗೆಯನ್ನು ನೋಡುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಈ ಎರಡು ಪದಾರ್ಥಗಳೂ ನಮ್ಮ ನೆಲದ ಎರಡು ಮುಖಗಳೆಂಬುದನ್ನು ಗಮನಿಸಬೇಕು. ಎಳ್ಳು ಮಳೆಯನ್ನು ನಂಬಿದ ಹೊಲದ ಬೆಳೆ. ನಮ್ಮ ಮನೆಮಾತಿನ 'ಎಣ್ಣೆ'ಯೂ ಎಳ್ ಮತ್ತು ನೆಯ್ ಸೇರಿ ಆದುದೇ. ಸಂಸ್ಕೃತದ 'ತೈಲ'ವೂ ತಿಲದಿಂದಲೇ ಹುಟ್ಟಿದುದು. ಬೆಲ್ಲವಾದರೋ ನಾಲೆಯ ನೀರಿನ ಕೊಡುಗೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಕಬ್ಬು ಈ ಜಿಲ್ಲೆಯ ಜೀವನಾಡಿಯಾಯಿತು. ಆಲೆಮನೆಗಳ ಹೊಗೆ ಊರೂರಿಗೆ ಗುರುತಾಯಿತು. ಖುಷ್ಕಿಯೂ ತರಿಯೂ ಒಂದೇ ಪೊಟ್ಟಣದಲ್ಲಿ ಕೂಡುವುದೇ ನಮ್ಮ ಎಳ್ಳುಬೆಲ್ಲ.

ಇನ್ನು ಸಿದ್ಧಪಡಿಸುವ ಕ್ರಮ. ನಲವತ್ತು ಪೊಟ್ಟಣಗಳಿಗೆ ಬಿಳಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ತಲಾ ಅರ್ಧ ಕಿಲೋ, ಬೆಲ್ಲ ಮುಕ್ಕಾಲು ಕಿಲೋ ಸಾಕು. ಕೈ ಬಿಗಿಯಾಗಿದ್ದರೆ ಕೊಬ್ಬರಿಯನ್ನು ಕಡಿಮೆ ಮಾಡಿ ಹುರಿಗಡಲೆಯನ್ನು ಹೆಚ್ಚಿಸಬಹುದು. ಎಳ್ಳನ್ನು ತೊಳೆದು, ಕಲ್ಲು ಹೋಗುವಂತೆ ಗಾಳಿಸಿ, ಒಣಗಿಸಿ, ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಬೇಕು. ಬಣ್ಣ ಕೆಂಪೇರಿದರೆ ಕಹಿಯಾಗುತ್ತದೆ. ಕಡಲೆಕಾಯಿ ಬೀಜವನ್ನು ಹುರಿದು, ಆರಿದ ಮೇಲೆ ಉಜ್ಜಿ, ಬೇಳೆಯಾಗಿಸಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಬೇಕು. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚಿ ಎರಡು ದಿನ ಬಿಸಿಲಿಗಿಡಬೇಕು. ಅಚ್ಚು ಬೆಲ್ಲವನ್ನು ಅಡಕೊತ್ತಿನಿಂದ ಕಡಲೆಯ ಗಾತ್ರಕ್ಕೆ ಕತ್ತರಿಸಿ ಇದನ್ನೂ ಒಣಗಿಸಬೇಕು. ಬೆಲ್ಲ ಗಾಳಿಯ ತೇವವನ್ನು ಹೀರುವುದರಿಂದ ಎಲ್ಲವನ್ನೂ ಮೊದಲೇ ಬೆರೆಸಬಾರದು. ಹಬ್ಬದ ಬೆಳಗ್ಗೆ ಬೆರೆಸಿದರೆ ಗರಿಗರಿಯಾಗಿರುತ್ತದೆ. ಹೊಳೆಯುವ ಹಳದಿ ಬೆಲ್ಲಕ್ಕೆ ಮನಸೋಲುವುದು ಬೇಡ. ಬಣ್ಣಕ್ಕಾಗಿ ರಾಸಾಯನಿಕ ಬೆರೆಸದ ಬೆಲ್ಲ ಸಾಮಾನ್ಯವಾಗಿ ಕಂದಾಗಿಯೇ ಇರುತ್ತದೆ. ಮುದ್ರಿತ ವೃತ್ತಪತ್ರಿಕೆಯಲ್ಲಿ ಕಟ್ಟುವುದೂ ಸಲ್ಲದು, ಶಾಯಿ ತಿನಿಸಿಗೆ ಅಂಟುತ್ತದೆ. ಬಿಳಿ ಕಾಗದ, ಒಣಗಿದ ಬಾಳೆಯೆಲೆ, ಅಥವಾ ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರಿನ ಸಣ್ಣ ಚೀಲ ಸಾಕು. ಸಕ್ಕರೆ ಅಚ್ಚು ಬೇಕಾದವರು ಮರದ ಅಚ್ಚುಗಳನ್ನು ನೆರೆಮನೆಯಿಂದ ಎರವಲು ತರುವ ಹಿಂದಿನ ವಾಡಿಕೆಯನ್ನೇ ಅನುಸರಿಸಬಹುದು.

ಇಲ್ಲಿ ವೆಚ್ಚವಾಗುವುದು ಮುಖ್ಯವಾಗಿ ಹಣವಲ್ಲ, ಹೊತ್ತು. ಅಜ್ಜಿ ಬೆಲ್ಲ ಕತ್ತರಿಸುವಾಗ ಮೊಮ್ಮಕ್ಕಳು ಸಿಪ್ಪೆ ಊದುತ್ತಾರೆ. ಪಡೆದವರು ಬಾಯಿಗೆ ಹಾಕಿಕೊಳ್ಳುವುದು ಒಂದು ಮನೆಯ ನಾಲ್ಕು ದಿನಗಳ ಶ್ರಮವನ್ನು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬ ನಾಣ್ಣುಡಿಗೆ ಬಲ ಬರುವುದು ಅದರಿಂದಲೇ. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವುದೂ ಇದೇ ತತ್ತ್ವದ ಮೇಲೆ: ಎಲ್ಲರ ಕೈಗೂ ಎಟುಕುವುದನ್ನೇ ಉಡುಗೊರೆಯಾಗಿಸಿದರು ಹಿರಿಯರು. ಇತ್ತೀಚೆಗೆ ಎಳ್ಳಿನೊಡನೆ ಡಬ್ಬಿ, ಬಟ್ಟಲು ಮೊದಲಾದ ಬೆಲೆಯುಳ್ಳ ವಸ್ತುಗಳನ್ನು ಸೇರಿಸುವ ರೂಢಿ ಬೆಳೆದಿದೆ. ಸೇರಿಸುವವರ ಮನಸ್ಸು ಒಳ್ಳೆಯದೇ. ಆದರೆ ಪ್ರತಿಯಾಗಿ ಡಬ್ಬಿ ಕೊಡಲಾರದ ಮನೆಯ ಮಗು ಮುಂದಿನ ವರ್ಷ ತಟ್ಟೆ ಹಿಡಿದು ಹೊರಡುವುದಿಲ್ಲ. ದ್ವಂದ್ವ ಅಲ್ಲಿಗೆ ಮುರಿಯುತ್ತದೆ.

ಆ ಘಟನೆಯ ಅನಂತರ ನಾನು ಪಾಠ ಹೇಳಿದ ತರಗತಿಗಳಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡೆ. ಹಬ್ಬದ ಹಿಂದಿನ ದಿನ ಪ್ರತಿ ಮಗುವೂ ತನ್ನ ಮನೆಯಲ್ಲಿದ್ದುದನ್ನು ಒಂದು ಹಿಡಿ ತರಬೇಕು: ಎಳ್ಳೋ, ಬೆಲ್ಲವೋ, ಕಡಲೆಯೋ. ಎಲ್ಲವನ್ನೂ ಒಂದೇ ದೊಡ್ಡ ಮೊರದಲ್ಲಿ ಸುರಿದು ಬೆರೆಸಿ, ಒಂದೇ ಅಳತೆಯ ಪೊಟ್ಟಣಗಳನ್ನು ಮಕ್ಕಳೇ ಕಟ್ಟುತ್ತಾರೆ. ಬೆರೆತ ಮೇಲೆ ಯಾವ ಹಿಡಿ ಯಾವ ಮನೆಯದೆಂದು ಯಾರೂ ಹೇಳಲಾರರು. ಉಪಾಧ್ಯಾಯ ಮಿತ್ರರು ಇದನ್ನು ತಮ್ಮ ತರಗತಿಗಳಲ್ಲಿ ಪ್ರಯೋಗಿಸಿ ನೋಡಬೇಕೆಂದು ಕೋರುತ್ತೇನೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಹಬ್ಬದ ಸಮಯದಲ್ಲಿ ಶಾಲೆಗೆ ಬಂದರೆ ತಾವೂ ಒಂದು ಹಿಡಿ ತರಲಿ. ಆ ದಿನ ಅಷ್ಟೇ ಸಾಕು. ಮೊರದಲ್ಲಿ ಅದಕ್ಕೆ ಜಾಗವಿರುತ್ತದೆ.