ಹಾಲಿನ ಗಾಡಿಯ ಬ್ರೇಕಿನಲ್ಲಿ ಗಾಳಿ ಸೇರಿದೆಯೇ?



40 ಲೀಟರಿನ ಹತ್ತು ಕ್ಯಾನ್ ತುಂಬಿದರೆ ಹಾಲಿನ ತೂಕವೇ 410 ಕೆ.ಜಿ. ದಾಟುತ್ತದೆ. ಕ್ಯಾನ್ ಹೊರಲೆಂದು ಮಾರ್ಪಾಡು ಮಾಡಿಸಿದ ಗಾಡಿಯ ಪೆಡಲ್ ಮೆತ್ತಗಿದ್ದು, ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾದರೆ, ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿರಬಹುದು. ಅದನ್ನು ತೆಗೆಯಲು ಇಬ್ಬರು ಬೇಕು.

ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲನ್ನೇ ತುಂಬಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು ಮಾಡಿ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಕೂಡಲೇ ಬಿಗಿ ಮಾಡಲಿ. ಬಿಗಿಯಾದ ಮೇಲೆಯೇ ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೂ ಹೀಗೆ ಮಾಡಿ; ನಡುವೆ ಆಯಿಲ್ ಡಬ್ಬಿ ಬರಿದಾಗಲು ಬಿಡಬೇಡಿ.

ಬೇರೆ ಗಾಡಿಯ ಬ್ರೇಕ್ ಭಾಗ ಹಾಕಿಸಿದ್ದರೆ ನಿಪ್ಪಲ್ ಮೇಲ್ತುದಿಯಲ್ಲಿದೆಯೇ ನೋಡಿ. ಎಡಬಲ ಅದಲುಬದಲಾಗಿ ಅದು ಕೆಳಗಾಗಿದ್ದರೆ ಗಾಳಿ ಮೇಲೆಯೇ ಉಳಿಯುತ್ತದೆ. ಎಷ್ಟು ತುಳಿದರೂ ಹೊರಬರದು.

ಹೊರಬಂದ ಆಯಿಲನ್ನು ಮತ್ತೆ ಹಾಕಬೇಡಿ. ಮೊದಲು ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಿ. ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿದರೆ, ಮೆಕ್ಯಾನಿಕ್‌ಗೆ ತೋರಿಸದೆ ಹಾಲು ಹೇರಬೇಡಿ.