ಹಕ್ಕಿಯ ಹೆಸರು ಬರೆಯದೆ ಮಹಜರು ಮುಗಿಸಬೇಡ

ನಮ್ಮ ಬೀದಿಯ ಹುಡುಗಿಯೊಬ್ಬಳು ಮೊನ್ನೆ ಹೊಸ ಖಾಕಿ ತೊಟ್ಟು ಮನೆಗೆ ಬಂದಳು. ಕುಶಾಲನಗರದ ಗಂಧದಕೋಠಿಯಲ್ಲಿ ತರಬೇತಿ ಮುಗಿಸಿ, ಗಸ್ತು ಅರಣ್ಯ ಪಾಲಕಿಯಾಗಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿಗೇ ಬಂದಿದ್ದಾಳೆ. ಕಾಲಿಗೆ ನಮಸ್ಕರಿಸಿ, "ತಾತ, ಇಷ್ಟು ವರ್ಷ ಇದೇ ಇಲಾಖೆಯಲ್ಲಿ ಇದ್ದೋರು ನೀವು, ಏನಾದರೂ ಹೇಳಿ" ಅಂದಳು. ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಬರೆದಿಟ್ಟರೆ ಅವಳ ಜೊತೆಗೆ ಬಂದ ಇನ್ನು ನಾಲ್ಕು ಮಕ್ಕಳಿಗೂ ಆದೀತು ಅಂತ ಕೂತಿದ್ದೇನೆ.

ನೋಡು ಮಗಾ, ನಮ್ಮ ತಾಲ್ಲೂಕು ಅಂದರೆ ಜನಕ್ಕೆ ನೆನಪಾಗುವುದು ಆನೆ, ಹುಲಿ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಇವತ್ತಿಗೂ ಅದರ ಮಾತು ನಿಂತಿಲ್ಲ. ಹುಲಿ ಸತ್ತರೆ ಬೆಂಗಳೂರಿನಿಂದ ಸಾಹೇಬರು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಕೆರೆಯಲ್ಲಿ ಹತ್ತು ಬಾತು ಬಲೆಗೆ ಬಿದ್ದರೆ ಯಾರೂ ಬರುವುದಿಲ್ಲ. ಅಲ್ಲಿಗೆ ನೀನೇ ಹೋಗಬೇಕು. ಬೀಚನಹಳ್ಳಿಯ ಕಬಿನಿ, ತಾರಕ, ಹೆಬ್ಬಳ್ಳ, ಆಚೆ ಸರಗೂರು ಕಡೆಯ ನುಗು ಜಲಾಶಯಗಳು, ಇವುಗಳ ನಡುವೆ ಹೆಸರೇ ಇಲ್ಲದ ಎಷ್ಟೋ ಊರ ಕೆರೆಗಳು. ನವೆಂಬರಿನಿಂದ ಮಾರ್ಚ್‌ವರೆಗೆ ಇಷ್ಟೂ ನೀರಿಗೆ ಉತ್ತರದಿಂದ ಹಕ್ಕಿ ಇಳಿಯುತ್ತದೆ. ಪಕ್ಕದ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯದು. ಹಿಮಾಲಯ ದಾಟುವಾಗ ಅವು 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ದೂರ ಬಂದ ಜೀವ ನಮ್ಮ ಗದ್ದೆಯ ಬದುವಿನಲ್ಲಿ ಒಂದು ನೈಲಾನ್ ಉರುಳಿಗೆ ಸಿಕ್ಕಿ ಒದ್ದಾಡಿ ಸಾಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಹೇಳುತ್ತಿರುವುದು.

ಮೊದಲ ಮಾತು, ಹಕ್ಕಿ ಕಲಿ. ಕಾನೂನು ಆಮೇಲೆ.

ನೌಕರಿಗೆ ಸೇರಿದ ಹೊಸದರಲ್ಲಿ ನಾನೊಂದು ಕೇಸು ಹಿಡಿದೆ. ಬೆಳಗಿನ ಜಾವ, ಕೆರೆ ಏರಿಯ ಮೇಲೆ ಸೈಕಲ್ಲು, ಹಿಂದೆ ಗೋಣಿಚೀಲ, ಚೀಲದಲ್ಲಿ ಏಳು ಹಕ್ಕಿ. ಮಹಜರಿನಲ್ಲಿ ಏನು ಬರೆದೆ ಗೊತ್ತೇ? "ನೀರುಕೋಳಿ ಜಾತಿಯ ಪಕ್ಷಿಗಳು 7" ಅಂತ. ಎದೆಯುಬ್ಬಿಸಿಕೊಂಡೇ ನ್ಯಾಯಾಲಯಕ್ಕೆ ಹೋದೆ. ಆ ಕಡೆಯ ವಕೀಲರು ಎದ್ದು ನಿಂತು ಎರಡೇ ಪ್ರಶ್ನೆ ಕೇಳಿದರು: ಇವು ಕಾಡಿನವೋ, ಸಾಕಿದ ಬಾತೋ? ಏನು ನೋಡಿ ಹೇಳುತ್ತೀರಿ? ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಆರೋಪಿ ಬಿಡುಗಡೆಯಾದ. ತಪ್ಪು ಪೂರ್ತಿ ನನ್ನದೇ. ಆ ಏಳು ಹಕ್ಕಿ ನನ್ನ ಲೆಕ್ಕದಲ್ಲೇ ಉಳಿದುಬಿಟ್ಟವು.

ಅವತ್ತಿನಿಂದ ಒಂದು ನೋಟ್‌ಬುಕ್ಕು ಇಟ್ಟುಕೊಂಡೆ. ಹಾರುವ ಹಕ್ಕಿಯ ಗುರುತು ಪುಸ್ತಕದಲ್ಲಿ ಸಿಗುತ್ತದೆ. ನಿನ್ನ ಕೈಗೆ ಬರುವುದು ಸತ್ತ ಹಕ್ಕಿ, ಅರ್ಧ ಗರಿ ಕಿತ್ತದ್ದು. ಅದನ್ನು ಹಾಳೆಯ ಮೇಲೆ ಇಟ್ಟು ರೆಕ್ಕೆ ಬಿಡಿಸು. ಮಧ್ಯದಲ್ಲಿ ಹೊಳೆಯುವ ಹಸಿರು ಪಟ್ಟಿ, ಅದರ ಅಂಚಿಗೆ ಬಿಳಿ, ಕಾಲು ಕೆಂಪು ಛಾಯೆಯ ಕಿತ್ತಳೆ, ಕಪ್ಪು ಕೊಕ್ಕಿನ ತುದಿಗೆ ಹಳದಿ ಅದ್ದಿದ ಹಾಗಿದ್ದರೆ ಅದು ಚುಕ್ಕೆಕೊಕ್ಕಿನ ಬಾತು, ನಮ್ಮವರು ವರಟೆ ಅನ್ನುವುದು. ರೆಕ್ಕೆಯಲ್ಲಿ ಹೊಳಪಿನ ಪಟ್ಟಿಯೇ ಇಲ್ಲದೆ ಮೈಯೆಲ್ಲ ಕಂದುಗೆಂಪಾಗಿದ್ದು, ಕಾಲು ಕಪ್ಪಗಿದ್ದರೆ ಶಿಳ್ಳೆಬಾತು. ರೆಕ್ಕೆಯ ಮುಂಭಾಗ ತಿಳಿನೀಲಿ, ಕೊಕ್ಕು ಸೌಟಿನ ಹಾಗೆ ತುದಿಯಲ್ಲಿ ಅಗಲವಾಗಿದ್ದರೆ ಚಲುಕಬಾತು. ಕೊಕ್ಕಿನ ಮೇಲೆ ಹಣೆಯಲ್ಲಿ ಬಿಳಿ ನಾಮ, ಬೆರಳುಗಳ ನಡುವೆ ಜಾಲಪಾದದ ಬದಲು ಒಂದೊಂದು ಬೆರಳಿಗೂ ಎಲೆ ಹಚ್ಚಿದಂಥ ಚರ್ಮ ಇದ್ದರೆ ನಾಮದ ಕೋಳಿ. ಅದು ಬಾತು ಅಲ್ಲವೇ ಅಲ್ಲ. ಬಹಳ ಜನ ಅದನ್ನು ಬಾತು ಅಂತ ಬರೆದು ಎಡವುತ್ತಾರೆ. ಕಾಲಿನ ಬೆರಳು ನಿನ್ನ ಹೆಬ್ಬೆರಳಿಗಿಂತ ಉದ್ದ, ಮೈ ನೇರಳೆ ನೀಲಿ, ಕೊಕ್ಕು ಹಣೆ ಎರಡೂ ಕೆಂಪಾಗಿದ್ದರೆ ಜಂಬುಕೋಳಿ. ಗರಿ ಪೂರ್ತಿ ಕಿತ್ತಿದ್ದರೂ ಕಾಲು ಕೊಕ್ಕು ಮಾತಾಡುತ್ತವೆ. ಅವನ್ನೂ ಕಡಿದು ಬರೀ ಮಾಂಸವಾಗಿದ್ದರೆ ಸ್ವಲ್ಪ ಭಾಗ ತೆಗೆದು ಮೊಹರು ಮಾಡಿ, ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿನ ಸಿಸಿಎಂಬಿಯ ಲಾಕೋನ್ಸ್ ಪ್ರಯೋಗಾಲಯಕ್ಕೆ ಕಳಿಸಬಹುದು. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸು. ಚರ್ಮದ ಕೆಳಗೆ ಒಂದೇ ಒಂದು ಚರೆ ಸಿಕ್ಕರೂ "ಮನೇಲಿ ಸಾಕಿದ್ದು ಸಾರ್" ಎಂಬ ಮಾತು ನಿಲ್ಲುವುದಿಲ್ಲ.

ರೆಕ್ಕೆ ನೋಡಿ ಹಕ್ಕಿ ಗುರುತಿಸುವುದನ್ನು ಹೊರದೇಶದಲ್ಲೂ ಕಲಿಸುತ್ತಾರೆ, ಕಾರಣ ಮಾತ್ರ ಬೇರೆ. ಅಮೆರಿಕದಲ್ಲಿ ಬಾತುಬೇಟೆಗೆ ಲೈಸೆನ್ಸ್ ಉಂಟು. ದಿನಕ್ಕಿಷ್ಟು ಎಂಬ ಮಿತಿ ಉಂಟು, ಕೋವಿಯಲ್ಲಿ 3 ತೋಟೆಗಿಂತ ಹೆಚ್ಚು ತುಂಬುವಂತಿಲ್ಲ, 1991ರಿಂದ ಸೀಸದ ಚರೆ ಬಳಸುವಂತಿಲ್ಲ. ಹಾಗಾಗಿ ಅಲ್ಲಿನ ಹೊಸ ವಾರ್ಡನ್ನು ರೆಕ್ಕೆ ನೋಡಿ ಯಾವ ಬಾತು, ಎಷ್ಟು ಬಾತು ಎಂದು ಲೆಕ್ಕ ಹಾಕಲು ಕಲಿಯುತ್ತಾನೆ. ನಮ್ಮಲ್ಲೂ ಸಣ್ಣ ಬೇಟೆಗೆ ಲೈಸೆನ್ಸ್ ಕೊಡುತ್ತಿದ್ದ ಕಾಲವಿತ್ತು. ವನ್ಯಜೀವಿ ಕಾಯ್ದೆಯ 1991ರ ತಿದ್ದುಪಡಿಯಲ್ಲಿ ಅದು ಹೋಯಿತು. ಊರಿನ ಹಿರಿಯರು ಯಾರಾದರೂ "ನಮ್ಮಪ್ಪ ಲೈಸೆನ್ಸ್ ಇಟ್ಟುಕೊಂಡೇ ಹೊಡೀತಿದ್ದ" ಅಂದರೆ ಸುಳ್ಳಲ್ಲ, ಗೌರವದಿಂದ ಕೇಳಿಸಿಕೋ. ಆದರೆ ಇವತ್ತು ಒಂದು ಹಕ್ಕಿ ಹೊಡೆದರೂ ಅಪರಾಧವೇ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೀನು ಪರೀಕ್ಷೆಗೆ ಓದಿದ್ದೀಯ, ಪೂರ್ತಿ ಹೇಳಲ್ಲ. ಕೆರೆಯ ಬಳಿ ಬೇಕಾಗುವುದಷ್ಟನ್ನು ಹೇಳುತ್ತೇನೆ. ಬೇಟೆ ಅಂದರೆ ಕೊಲ್ಲುವುದೊಂದೇ ಅಲ್ಲ. ಬಲೆ ಹಾಕುವುದು, ಉರುಳು ಒಡ್ಡುವುದು, ವಿಷ ಇಡುವುದು, ಅದಕ್ಕೆ ಪ್ರಯತ್ನ ಪಡುವುದು, ಗೂಡು ಕೆಡಿಸುವುದು, ಮೊಟ್ಟೆ ಎತ್ತುವುದು, ಎಲ್ಲವೂ ಬೇಟೆಯೇ. ಖಾಲಿ ಬಲೆ ಸಿಕ್ಕಿತು, ಹಕ್ಕಿ ಇಲ್ಲ ಅಂತ ಸುಮ್ಮನೆ ಬರಬೇಡ. ಕಲಂ 50ರಲ್ಲಿ ನಿನಗಿರುವ ಅಧಿಕಾರ ದೊಡ್ಡದು ಕಣವ್ವ. ಪೊಲೀಸರಲ್ಲಾದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯವರಿಗೆ ಅದು ಇಲ್ಲ, ನಮ್ಮ ಇಲಾಖೆಯಲ್ಲಿ ಯಾವುದೇ ಅರಣ್ಯ ಅಧಿಕಾರಿಗೆ ಉಂಟು. ತಡೆದು ನಿಲ್ಲಿಸಬಹುದು, ಶೋಧಿಸಬಹುದು, ಬಲೆ, ಕೋವಿ, ತೆಪ್ಪ, ಬೈಕು ಜಪ್ತಿ ಮಾಡಬಹುದು. ಅದೇ ಕಾಯ್ದೆಯ ಕಲಂ 53ನ್ನೂ ಓದಿಕೋ. ಸುಳ್ಳು ನೆಪ ಹೂಡಿ, ಪೀಡಿಸುವುದಕ್ಕಾಗಿ ಜಪ್ತಿ ಮಾಡಿದ ಅಧಿಕಾರಿಗೆ 6 ತಿಂಗಳವರೆಗೆ ಸಜೆ ಇದೆ.

ನಮ್ಮ ತಾಲ್ಲೂಕಿಗೆಂದೇ ಹೇಳಬೇಕಾದ್ದು ಗಡಿಯ ವಿಚಾರ. ಸಾಮಾನ್ಯವಾಗಿ ಶಿಕ್ಷೆ 3 ವರ್ಷದವರೆಗೆ ಸಜೆ, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಆದರೆ ಹಕ್ಕಿ ಮೊದಲನೇ ಅನುಸೂಚಿಯದಾದರೆ, ಇಲ್ಲವೇ ಬೇಟೆ ನಡೆದದ್ದು ಅಭಯಾರಣ್ಯದ ಅಥವಾ ರಾಷ್ಟ್ರೀಯ ಉದ್ಯಾನದ ಒಳಗಾದರೆ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ದಂಡ 25 ಸಾವಿರಕ್ಕೆ ಕಡಿಮೆಯಿಲ್ಲ. ಈಗ ಕಬಿನಿ ಹಿನ್ನೀರನ್ನು ಯೋಚಿಸು. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯಲ್ಲಿ ಎಷ್ಟೋ ದೂರ ಹಿಂದೆ ಸರಿಯುತ್ತದೆ, ಹುಲ್ಲು ಚಿಗುರುತ್ತದೆ. ನಾಗರಹೊಳೆಯ ಗಡಿ ಎಲ್ಲಿ ಮುಗಿಯಿತು, ಊರ ಕಡೆಯ ಜಾಗ ಎಲ್ಲಿ ಶುರುವಾಯಿತು ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಬಲೆ ಇದ್ದ ಗೂಟದ ಪಕ್ಕದಲ್ಲೇ ನಿಂತು ಜಿಪಿಎಸ್ ಓದು, ಅಂಕಿ ಬರೆದುಕೋ, ಫೋಟೋ ತೆಗೆ. ಐವತ್ತು ಹೆಜ್ಜೆ ಆಚೀಚೆಯಾದರೆ ಒಬ್ಬ ಮನುಷ್ಯನ ವರ್ಷಗಳು ಆಚೀಚೆಯಾಗುತ್ತವೆ. ಅವನಿಗೂ ಅನ್ಯಾಯವಾಗಬಾರದು, ಹಕ್ಕಿಗೂ ಆಗಬಾರದು.

ಮಹಜರನ್ನು ಅಲ್ಲೇ ಕೂತು ಬರೆ. ಆಫೀಸಿಗೆ ಬಂದು ನೆನಪಿನ ಮೇಲೆ ಬರೆಯುವ ಚಾಳಿಯನ್ನು ಯಾರು ಕಲಿಸಿಕೊಟ್ಟರೂ ಕಲಿಯಬೇಡ. ಪಂಚರನ್ನು ಆ ಊರಿನವರನ್ನೇ ಕರೆ. ಶೋಧ, ಜಪ್ತಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಅದನ್ನೇ ಬಯಸುತ್ತದೆ. ಹಿಡಿದವರನ್ನು ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕೈ ಮಾತ್ರ ಎತ್ತಬೇಡ. ಹೊಡೆದು ಬರೆಸಿಕೊಂಡ ಹೇಳಿಕೆ ನ್ಯಾಯಾಲಯದಲ್ಲಿ ಚೂರೂ ನಿಲ್ಲುವುದಿಲ್ಲ. ವನ್ಯಜೀವಿ ಕಾಯ್ದೆಯಡಿ ಸಾಕ್ಷ್ಯ ದಾಖಲಿಸುವ ಅಧಿಕಾರ ಇರುವುದೇ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗೆ ಕಡಿಮೆಯಿಲ್ಲದ ದರ್ಜೆಯವರಿಗೆ. ಕಾನೂನಿನ ಮಾತು ಹಾಗಿರಲಿ, ಕೈಕಟ್ಟಿ ನಿಂತವನ ಮೇಲೆ ಕೈಮಾಡಿದರೆ ಆ ಖಾಕಿಗೆ ಮರ್ಯಾದೆ ಉಳಿಯುವುದಿಲ್ಲ.

ವಿಷದ ಕೇಸು ಬಂದರೆ ಬಹಳ ಎಚ್ಚರ. ಗದ್ದೆಗೆ ಹಾಕುವ ಫ್ಯೂರಡಾನ್ ಹರಳನ್ನು ಭತ್ತಕ್ಕೆ ಬೆರೆಸಿ ನೀರಂಚಿನಲ್ಲಿ ಚೆಲ್ಲುತ್ತಾರೆ. ಗುಂಡಿನ ಶಬ್ದವಿಲ್ಲ, ಬಲೆಯ ಗುರುತಿಲ್ಲ, ಬೆಳಗಾಗುವಷ್ಟರಲ್ಲಿ ಹಕ್ಕಿಗಳು ರೆಕ್ಕೆ ಜೋತು ಬಿದ್ದುಕೊಂಡು ಒದ್ದಾಡುತ್ತಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡ. ಗಂಟಲ ಕೆಳಗಿನ ಮೇವಿನ ಚೀಲದಲ್ಲಿ ಆ ಭತ್ತ ಹಾಗೇ ಇರುತ್ತದೆ, ಸಾಕ್ಷಿ ಅದೇ. ಸುತ್ತಮುತ್ತ ಚೆಲ್ಲಿದ ಕಾಳನ್ನು ಮಣ್ಣಿನ ಸಮೇತ ಬೇರೆ ಚೀಲಕ್ಕೆ ತುಂಬಿಸು. ಆಮೇಲೆ ಊರಿಗೆ ಹೋಗಿ, ಇಂಥ ಹಕ್ಕಿಯ ಮಾಂಸ ಯಾರ ಮನೆಯ ಒಲೆ ಮೇಲಾದರೂ ಇದ್ದರೆ ಮಕ್ಕಳಿಗೆ ಬಡಿಸಬೇಡಿ ಅಂತ ಮನೆಮನೆಗೆ ಹೇಳು. ಆ ಹೊತ್ತಿನಲ್ಲಿ ಅದು ಕೇಸಿಗಿಂತ ಮುಖ್ಯ.

ಜನರ ವಿಚಾರಕ್ಕೆ ಬರುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಒಮ್ಮೆ ಬಸ್ ನಿಲ್ದಾಣದಲ್ಲಿ ಹಕ್ಕಿಪಿಕ್ಕಿ ಸಮುದಾಯದ ಮುದುಕರೊಬ್ಬರನ್ನು ಚೀಲ ಉಬ್ಬಿದೆ ಎಂಬ ಒಂದೇ ಕಾರಣಕ್ಕೆ ಹತ್ತು ಜನರ ಎದುರು ನಿಲ್ಲಿಸಿ ಚೀಲ ಬಿಡಿಸಿದೆ. ಒಳಗಿದ್ದದ್ದು ತಲೆಗೆ ಹಚ್ಚುವ ಎಣ್ಣೆಯ ಬಾಟಲಿಗಳು. ಅವರು ಒಂದು ಮಾತೂ ಆಡದೆ ಮತ್ತೆ ಜೋಡಿಸಿಕೊಂಡು ಹೋದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಆ ಜನ ಹಿಂದೆ ಹಕ್ಕಿ ಹಿಡಿದು ಬದುಕಿದವರು, ನಿಜ. ಇವತ್ತು ಎಣ್ಣೆ, ಗಿಡಮೂಲಿಕೆ ಹೊತ್ತು ಆಫ್ರಿಕಾದವರೆಗೂ ಹೋಗಿ ದುಡಿಯುತ್ತಾರೆ. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಕೊಂಡು ವಾಪಸು ಬಂದವರಲ್ಲಿ ಅವರೂ ಇದ್ದರು. ಜಾತಿ ನೋಡಿ ಅನುಮಾನ ಪಡುವ ಗಾರ್ಡಿಗೆ ಅಸಲಿ ಬೇಟೆಗಾರ ಸಿಗುವುದೇ ಇಲ್ಲ. ನನ್ನ ಕಾಲದಲ್ಲಿ ನಾನು ಹಿಡಿದವರಲ್ಲಿ ಕಾರಿನಲ್ಲಿ ಬಂದು ಏರ್‌ಗನ್ನು ಸೀಟಿನ ಕೆಳಗೆ ತೂರಿಸಿದವರೇ ಹೆಚ್ಚು. "ಇದಕ್ಕೆ ಲೈಸೆನ್ಸೇ ಬೇಡ ಸಾರ್" ಅನ್ನುತ್ತಾರೆ. ಕೋವಿಗೆ ಲೈಸೆನ್ಸ್ ಬೇಕೋ ಬೇಡವೋ ಬೇರೆ ಮಾತು, ಹಕ್ಕಿ ಕೊಲ್ಲಲು ಅನುಮತಿ ಯಾರಿಗೂ ಇಲ್ಲ.

ನಿನ್ನ ಜೊತೆಗಿರುವ ವಾಚರುಗಳಲ್ಲಿ ಜೇನುಕುರುಬರು ಇರುತ್ತಾರೆ. ಸಂಬಳದ ಪಟ್ಟಿಯಲ್ಲಿ ಅವರು ನಿನಗಿಂತ ಕೆಳಗೆ, ಕಾಡಿನ ಓದಿನಲ್ಲಿ ನಿನಗೆ ಗುರುಗಳು. ಅಣ್ಣ ಅಂತ ಕರೆ, ಏಕವಚನ ಬೇಡ. ಕತ್ತಲಲ್ಲಿ ಶಿಳ್ಳೆಬಾತಿನ ಹಿಂಡು ಒಮ್ಮೆಲೇ ಎದ್ದರೆ ಎದ್ದದ್ದು ಆನೆಗೋ, ಮನುಷ್ಯನಿಗೋ ಎಂದು ನಾನು ಕಲಿತದ್ದು ಅಂಥ ಒಬ್ಬರಿಂದಲೇ. ಆನೆಗಾದರೆ ಸ್ವಲ್ಪ ಪಕ್ಕಕ್ಕೆ ಹೋಗಿ ಮತ್ತೆ ಇಳಿಯುತ್ತವೆ. ಮನುಷ್ಯನಿಗಾದರೆ ಸುತ್ತು ಹೊಡೆಯುತ್ತಲೇ ಇರುತ್ತವೆ, ಕೂಗು ನಿಲ್ಲುವುದಿಲ್ಲ. ನನ್ನ ಅನುಭವದಲ್ಲಿ ಇದು ಬಹುಪಾಲು ಸುಳ್ಳಾಗಲಿಲ್ಲ. ಅಂದ ಹಾಗೆ, ರಾತ್ರಿ ಏರಿಯ ಮೇಲೆ ಒಬ್ಬಳೇ ಹೋಗಬೇಡ. ನಮ್ಮ ಕೆರೆಗಳಿಗೆ ಆನೆ ನೀರಿಗೆ ಬರುತ್ತದೆ, ಕಬಿನಿಯಲ್ಲಿ ಮೊಸಳೆ ಇದೆ. ತೆಪ್ಪ ಹತ್ತುವ ಮುಂಚೆ ಲೈಫ್ ಜಾಕೆಟ್ ಕೇಳು. ಇಲ್ಲ ಅಂದರೆ ಹತ್ತಬೇಡ, ಯಾರು ಏನೇ ಅಂದುಕೊಳ್ಳಲಿ.

ಬೇಟೆಗಾರನ ವೇಳಾಪಟ್ಟಿ ಹಕ್ಕಿಯದೇ ವೇಳಾಪಟ್ಟಿ. ಭತ್ತ ಕೊಯ್ಲಾದ ಮೇಲೆ ಬಾತುಗಳು ಇರುಳಲ್ಲಿ ಗದ್ದೆಗೆ ಇಳಿದು ಉದುರಿದ ಕಾಳು ತಿನ್ನುತ್ತವೆ, ನಸುಕಿನಲ್ಲಿ ಕೆರೆಗೆ ಮರಳುತ್ತವೆ. ಆ ದಾರಿಗೇ ಬಲೆ ಕಟ್ಟುತ್ತಾರೆ. ಅದಕ್ಕೇ ನಾಲ್ಕರಿಂದ ಆರು ಗಂಟೆ ನಿನ್ನ ಹೊತ್ತು. ಹಗಲಲ್ಲಿ ಮಾಡಬೇಕಾದ ಕೆಲಸ ಬೇರೆ. ಮೀನಿನ ಗುತ್ತಿಗೆಯವರ ಜೊತೆ ಕೂತು ಮಾತಾಡು, ಅವರ ಬಲೆಯಲ್ಲಿ ಗುಳುಮುಳುಕ, ನೀರುಕಾಗೆ ಸಿಕ್ಕಿದ್ದರೆ ಬಿಡಿಸುವುದನ್ನು ತೋರಿಸು. ದನ ಮೇಯಿಸುವ ಅಜ್ಜಿಯ ಪರಿಚಯ ಮಾಡಿಕೋ, ಕೆರೆಯ ಬಳಿ ಯಾರು ಬಂದರು ಹೋದರು ಎಂದು ಅವಳಷ್ಟು ಚೆನ್ನಾಗಿ ನಿನ್ನ ಕ್ಯಾಮೆರಾಗೂ ಗೊತ್ತಿರುವುದಿಲ್ಲ. ಶಾಲೆಗೆ ಹೋಗಿ, ಜೊಂಡಿನ ಗೂಡಿನಿಂದ ಮೊಟ್ಟೆ ಎತ್ತಬಾರದು ಅಂತ ಹೇಳು, ಗದರಿಸಬೇಡ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಮರದಲ್ಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ, ಊರೇ ಕಾಯುತ್ತದೆ. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ 2012ರಲ್ಲಿ ಅಮುರ್ ಚಾಣಗಳನ್ನು ರಾಶಿ ರಾಶಿ ಬಲೆಗೆ ಕೆಡವಿದ ಜನ, ಮರುವರ್ಷವೇ ಬಲೆ ಬಿಟ್ಟು ಅವಕ್ಕೆ ಕಾವಲು ನಿಂತರು. ನಮ್ಮ ಕೋಟೆ ತಾಲ್ಲೂಕಿನವರು ಅವರಿಗಿಂತ ಕಡಿಮೆಯವರಲ್ಲ. ಕೇಳುವವರು ಬೇಕು ಅಷ್ಟೆ.

ನವೆಂಬರಿಗೆ ಮುಂಚೆ ನಿನ್ನ ಬೀಟಿನ ಕೆರೆಗಳನ್ನೆಲ್ಲ ಒಂದು ಸುತ್ತು ನಡೆದು ಬಾ. ಪ್ರತಿ ಕೆರೆಗೂ ಒಬ್ಬರ ಫೋನ್ ನಂಬರು ನಿನ್ನ ಹತ್ತಿರ ಇರಲಿ, ನಿನ್ನ ನಂಬರು ಅವರ ಹತ್ತಿರ ಇರಲಿ. ನನ್ನ ನೋಟ್‌ಬುಕ್ಕು ಬೇಕಾದರೆ ಬಂದು ತಗೊಂಡು ಹೋಗು.

ಇದನ್ನು ಓದುವ ಊರಿನವರಿಗೂ ಒಂದು ಮಾತು. ಈ ಮಕ್ಕಳು ಹತ್ತಾರು ಕೆರೆಗೆ ಒಬ್ಬೊಬ್ಬರು. ನಿಮ್ಮೂರ ಕೆರೆಯಲ್ಲಿ ಗೂಟಕ್ಕೆ ಕಟ್ಟಿದ ಬಲೆ ಕಂಡರೆ, ನೀರಂಚಿನಲ್ಲಿ ಕಾರಣವಿಲ್ಲದೆ ಚೆಲ್ಲಿದ ಭತ್ತ ಕಂಡರೆ, ಮುಟ್ಟದೆ, ಜಗಳಕ್ಕೆ ಹೋಗದೆ, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.